ಮಾತ್ರೆಗೆ ಮೊದಲು

ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯನ್ನು ಯಾರೂ ನಿರಾಳವಾಗಿ ತಿಂದ ನೆನಪು ನನಗಿಲ್ಲ. ತಂಗಿಯ ತಟ್ಟೆಯ ಮೇಲೆ ನಾಲ್ಕು ಜನರ ಕಣ್ಣು ಇರುತ್ತಿತ್ತು. ಅಪ್ಪನದು, ಅವ್ವನದು, ನಮ್ಮ ಜೊತೆಗೇ ಇದ್ದ ಅಪ್ಪನ ಅಕ್ಕನದು, ನನ್ನದು. ಅವಳು ಎಷ್ಟು ತಿಂದಳು, ಎಷ್ಟು ಬಿಟ್ಟಳು ಅನ್ನುವುದರ ಮೇಲೆ ಆ ದಿನ ಹೇಗೆ ಹೋಗುತ್ತದೆ ಅನ್ನುವುದು ನಿಂತಿತ್ತು. ಹಾಗೇಕಾಯಿತು ಎಂದು ಹೇಳಬೇಕಾದರೆ ಜಗಳೂರಿನಿಂದ ಶುರು ಮಾಡಬೇಕು.

ಅಪ್ಪ ಲೈನ್‌ಮನ್. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಿತ್ತು. ಎಪ್ಪತ್ತರ ದಶಕದ ನಡುವೆ ನಾವು ಜಗಳೂರಿನಲ್ಲಿದ್ದೆವು. ನನಗೆ ಹತ್ತು, ತಂಗಿಗೆ ನಾಲ್ಕು. ಮನೆಯ ಹಿಂದೆ ಓಣಿಗೆಲ್ಲ ಒಂದೇ ಸೇದುವ ಬಾವಿ. ನೀರು ಬಹಳ ಕೆಳಗೆ. ಕೊಡ ಇಳಿಬಿಟ್ಟರೆ ಅದು ನೀರು ಮುಟ್ಟಿದ ಸದ್ದು ಬರಲು ಹೊತ್ತು ಹಿಡಿಯುತ್ತಿತ್ತು. ಒಂದು ಬೆಳಿಗ್ಗೆ ತಂಗಿ ಆ ಬಾವಿಯ ಕಟ್ಟೆಯ ಮೇಲೆ ಓಡುತ್ತಿದ್ದಳು. ನೀರಿಗೆ ಬಂದ ಹೆಂಗಸರು ಕೈಯಲ್ಲಿ ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದರು. ಕೂಗಿದರೆ ಬೆಚ್ಚಿ ಒಳಗೆ ಬೀಳುತ್ತಾಳೆಂದು ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಸುತ್ತಿಗೆ ಅವ್ವ ಹಿಂದಿನಿಂದ ಹೋಗಿ ಅವಳ ಲಂಗ ಹಿಡಿದು ಎಳೆದುಕೊಂಡಳು. ತಂಗಿ ನಗುತ್ತಿದ್ದಳು. ಕೆಳಗಿಳಿಸಿದ ಕೂಡಲೇ ಮತ್ತೆ ಕಟ್ಟೆ ಹತ್ತಲು ಹೋದಳು.

ಓಣಿಯ ಮುದುಕಿಯೊಬ್ಬಳು ಕೊಡ ಸೊಂಟಕ್ಕಿಟ್ಟುಕೊಳ್ಳುತ್ತಾ, “ಈ ಕೂಸು ನಿಮ್ ಕೈಯಾಗೆ ಉಳಿಯಾದಿಲ್ಲವ್ವ” ಎಂದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಕಂಡದ್ದನ್ನು ಹೇಳಿದಳು ಅಷ್ಟೆ. ಆದರೆ ಅವ್ವ ಅದನ್ನು ಮರೆಯಲಿಲ್ಲ. ಆ ವಾರವೇ ತಂಗಿಯ ಕಾಲಿಗೆ ಗೆಜ್ಜೆ ತಂದು ಕಟ್ಟಿದಳು, ಎಲ್ಲಿದ್ದಾಳೆಂದು ತಿಳಿಯಲಿ ಅಂತ. ಗೆಜ್ಜೆಯ ಸದ್ದು ಕೇಳುತ್ತಿದ್ದಷ್ಟು ಹೊತ್ತು ಮನೆ ಮನೆಯಂತಿರುತ್ತಿತ್ತು. ಸದ್ದು ನಿಂತ ಕೂಡಲೇ ನಾವೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದೆವು.

ಅಪ್ಪನಿಗೆ ಬೇರೆಯದೇ ಭಯ. ಕಂಬ ಹತ್ತುವ ಕೆಲಸದಲ್ಲಿ ಜೊತೆಯವರು ಸುಟ್ಟುಹೋದದ್ದನ್ನು ಕಂಡವನು ಅವನು. ಮನುಷ್ಯನಿಗೆ ಕೈಗಿಂತ ಮೊದಲು ಬುದ್ಧಿ ಹೋಗಬೇಕು, ಇವಳಿಗೆ ಕೈ ಮೊದಲು ಹೋಗುತ್ತದೆ, ಬುದ್ಧಿ ಆಮೇಲೆ ಹುಡುಕಿಕೊಂಡು ಬರುತ್ತದೆ ಎಂದು ಹೇಳುತ್ತಿದ್ದ. ಮನೆಯ ಸ್ವಿಚ್ಚಿನ ಹಲಗೆಯನ್ನು ಅವಳ ಕೈಗೆ ಎಟುಕದಷ್ಟು ಮೇಲೆ ಕೂರಿಸಿದ್ದ. ಅವಳು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಅಲ್ಲಿಗೂ ಹತ್ತಿದಳು.

ಚನ್ನಗಿರಿಗೆ ಬಂದಾಗ ಅವಳಿಗೆ ಆರು ವರ್ಷ. ಶಾಲೆಗೆ ಹಾಕಿದೆವು. ಅವಳು ಮಂದಮತಿಯಲ್ಲ. ಮಗ್ಗಿಯನ್ನು ಒಂದು ಸಲ ಕೇಳಿದರೆ ಒಪ್ಪಿಸುತ್ತಿದ್ದಳು. ಆದರೆ ಕೂರಲಾರಳು. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುವಳು, ಪಕ್ಕದವಳ ಸ್ಲೇಟು ಒರೆಸುವಳು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುವಳು. ಮೇಡಮ್ಮು ನನ್ನನ್ನು ಕರೆದು, ನಿನ್ನ ತಂಗಿಯನ್ನು ಹಗ್ಗ ಹಾಕಿ ಕಟ್ಟಬೇಕು ಎಂದಿದ್ದರು.

ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಅವಳು ಶಾಲೆಯಲ್ಲಿ ಇರಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ದಾವಣಗೆರೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತುಬಿಟ್ಟಿದ್ದಳು. ಯಾರದೋ ಮನೆಯವಳಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ತ್ಯಾವಣಿಗೆಯಲ್ಲಿ ಕಂಡಕ್ಟರು ವಿಚಾರಿಸಿ, ಇಳಿಸಿ, ಒಂದು ಗೊಬ್ಬರದ ಅಂಗಡಿಯ ಮುಂದೆ ಕೂರಿಸಿ, ಹಿಂದಿರುಗುವ ಬಸ್ಸಿನಲ್ಲಿ ಚನ್ನಗಿರಿಗೆ ಹೇಳಿ ಕಳಿಸಿದ್ದ. ಅಪ್ಪ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಅವಳನ್ನು ಕರೆತಂದ. ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರೆ, ಬಸ್ಸು ಹೊರಟಿತ್ತು ಎಂದಳು. ಅವಳ ಮಟ್ಟಿಗೆ ಅದು ಸರಿಯಾದ ಉತ್ತರ.

ಜೊತೆಗಿದ್ದ ಅಪ್ಪನ ಅಕ್ಕನನ್ನು ನಾವು ಅತ್ತೆ ಅನ್ನುತ್ತಿದ್ದೆವು. ಅಪ್ಪನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ಸತ್ತ ಮೇಲೆ, ಮಕ್ಕಳೂ ಇಲ್ಲದ್ದರಿಂದ, ತಮ್ಮನ ಮನೆಗೆ ಬಂದಿದ್ದಳು. ತಂಗಿ ಅಂದರೆ ಅವಳಿಗೆ ಪ್ರಾಣ. ಅದಕ್ಕೇ ನಮಗೆಲ್ಲರಿಗಿಂತ ಹೆಚ್ಚು ಹೆದರಿದ್ದಳು. ತಂಗಿಗೆ ಗಾಳಿ ಸೋಕಿದೆ, ಕಾಲು ನಿಲ್ಲದ ಗಾಳಿ ಅದು, ಬರೆ ಎಳೆಯದೆ ಬಿಡುವುದಿಲ್ಲ ಅನ್ನುವುದು ಅವಳ ನಂಬಿಕೆ. ಅವ್ವ ಒಪ್ಪಿರಲಿಲ್ಲ.

ಎರಡು ದಿನ ಬಿಟ್ಟು ಅವ್ವ ಹಿಟ್ಟಿನ ಗಿರಣಿಗೆ ಹೋದಳು. ನಾನು ಶಾಲೆಯಿಂದ ಬಂದು ಒಳಗೆ ಕಾಲಿಟ್ಟಾಗ ಅತ್ತೆ ಒಲೆಯ ಮುಂದೆ ಕೂತಿದ್ದಳು. ತಂಗಿಯನ್ನು ತೊಡೆಯ ನಡುವೆ ಅವುಚಿ ಹಿಡಿದಿದ್ದಳು. ಕೆಂಡದಲ್ಲಿ ಇಕ್ಕಳದ ತುದಿಗೆ ಬಳೆಚೂರು ಸಿಕ್ಕಿಸಿಟ್ಟಿದ್ದಳು. ಅತ್ತೆಯ ಕಣ್ಣಲ್ಲಿ ನೀರು ಹರಿಯುತ್ತಿತ್ತು. ನಾನು ಕೂಗುವಷ್ಟರಲ್ಲಿ ಹೊಕ್ಕುಳಿನ ಪಕ್ಕದಲ್ಲಿ ಒಂದು ಬರೆ ಬಿದ್ದಾಗಿತ್ತು. ತಂಗಿ ಒಮ್ಮೆ ಉಸಿರು ಒಳಗೆಳೆದುಕೊಂಡಳು. ಅಳಲಿಲ್ಲ. ಅತ್ತೆಯ ಮುಖ ನೋಡಿ, “ಮುಗೀತಾ?” ಎಂದು ಕೇಳಿದಳು. ಕೈ ಸಡಿಲವಾದ ಕೂಡಲೇ ಎದ್ದು ಬೀದಿಗೆ ಓಡಿದಳು. ಎರಡನೆಯ ಬರೆ ಎಳೆಯಲು ಅತ್ತೆಗೆ ಆಗಲಿಲ್ಲ. ಇಕ್ಕಳವನ್ನು ನೀರಿಗೆ ಹಾಕಿ ಗೋಡೆಗೆ ಒರಗಿ ಕೂತಳು.

ಆ ಗಾಯಕ್ಕೆ ಔಷಧಿ ಹಾಕಿಸಲು ಹೋದಾಗಲೇ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎಲ್ಲ ವಿಚಾರಿಸಿ, ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟದ್ದು. ಅಪ್ಪನಿಗೆ ರಜೆ ಸಿಗಲು, ಆ ಆಸ್ಪತ್ರೆಯಿಂದ ಮರುಪತ್ರ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಹೊನ್ನಾಳಿಗೆ ವರ್ಗವೂ ಆಯಿತು. ಹೋಗಿ ಬರುವ ಹೊತ್ತಿಗೆ ತಂಗಿಗೆ ಎಂಟು ವರ್ಷ. ನಾನೂ ಜೊತೆಗೆ ಹೋಗಿದ್ದೆ, ಅವಳನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.

ಅಲ್ಲಿದ್ದವರು ವಯಸ್ಸಾದ ಡಾಕ್ಟರಮ್ಮ. ಅರ್ಧ ಗಂಟೆ ನಮ್ಮೊಂದಿಗೆ ಮಾತೇ ಆಡಲಿಲ್ಲ. ತಂಗಿ ಅವರ ಮೇಜಿನ ಖಾನೆ ಎಳೆಯುವುದನ್ನು, ಗಡಿಯಾರ ಮುಟ್ಟುವುದನ್ನು, ಬಾಗಿಲಾಚೆಗೆ ಹೋಗಿ ಬರುವುದನ್ನು ನೋಡುತ್ತಾ ಕೂತಿದ್ದರು. ಆಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದರು. ಅಪ್ಪನಿಗೆ ಅದರ ಮೊದಲಿನ ‘ಹೈಪರ್’ ಅನ್ನುವಷ್ಟು ಮಾತ್ರ ನೆನಪುಳಿಯಿತು. ಇವತ್ತು ಅದನ್ನೇ ಎಡಿಎಚ್‌ಡಿ ಅನ್ನುತ್ತಾರೆ. ಇದು ಗಾಳಿಯಲ್ಲ, ಕೊಬ್ಬಲ್ಲ, ನೀವು ಬೆಳೆಸಿದ್ದರಲ್ಲೂ ತಪ್ಪಿಲ್ಲ ಎಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ನಂತರ ಡಾಕ್ಟರಮ್ಮ ಕೇಳಿದ್ದು ನಮಗೆ ವಿಚಿತ್ರವೆನಿಸಿತು. ಇವಳು ಬೆಳಿಗ್ಗೆ ಏನು ತಿನ್ನುತ್ತಾಳೆ ಎಂದು ಕೇಳಿದರು. ಚಹಾ ಕುಡಿಯುತ್ತಾಳೆ, ಎರಡು ಹಿಡಿ ಮಂಡಕ್ಕಿ ಓಡಾಡುತ್ತಲೇ ತಿನ್ನುತ್ತಾಳೆ ಎಂದು ಅವ್ವ ಹೇಳಿದಳು. ಅವರು ಚೀಟಿ ಎಳೆದುಕೊಂಡು ಮಾತ್ರೆಯ ಹೆಸರಿಗಿಂತ ಮೇಲೆ ಕನ್ನಡದಲ್ಲಿ ಬರೆದರು: ‘ಮೊದಲು ತಿಂಡಿ. ಆಮೇಲೆ ಮಾತ್ರೆ. ಖಾಲಿ ಹೊಟ್ಟೆಗೆ ಕೊಡಬಾರದು.’ ಅದರ ಕೆಳಗೆ ‘ಮೊಟ್ಟೆ’ ಎಂದು ಬರೆದವರು ಅಪ್ಪನ ಹಣೆಯ ವಿಭೂತಿ ನೋಡಿ ಅದನ್ನು ಹೊಡೆದುಹಾಕಿದರು. ಹೆಸರುಕಾಳು, ಕಡಲೆ, ಶೇಂಗಾ, ಗಟ್ಟಿ ಮೊಸರು ಎಂದು ಬರೆದರು.

“ಈ ಮಾತ್ರೆ ಹಸಿವನ್ನು ಕೊಲ್ಲುತ್ತದೆ,” ಎಂದರು. “ಮಧ್ಯಾಹ್ನ ಇವಳು ಊಟ ಮುಟ್ಟುವುದಿಲ್ಲ. ಬೆಳಿಗ್ಗೆ ತಿಂದದ್ದೇ ಸಂಜೆಯತನಕ ಇವಳನ್ನು ಹಿಡಿದು ನಿಲ್ಲಿಸಬೇಕು. ಮಂಡಕ್ಕಿ, ಸಕ್ಕರೆ ಚಹಾ ನಿಲ್ಲುವುದಿಲ್ಲ. ಕಾಳು ನಿಲ್ಲುತ್ತದೆ, ಅದರಲ್ಲಿ ಪ್ರೋಟೀನ್ ಇದೆ. ತಿಂಡಿಯಿಂದ ಇದು ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲಮ್ಮ. ಆದರೆ ತಿಂಡಿ ಇಲ್ಲದೆ ಈ ಮಾತ್ರೆ ಕೊಟ್ಟರೆ ಮಗು ಸವೆಯುತ್ತಾ ಹೋಗುತ್ತದೆ. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.”

ಸವೆಯುತ್ತಾ ಹೋಗುತ್ತದೆ ಅನ್ನುವ ಮಾತನ್ನು ಅವ್ವ ಬಸ್ಸಿನುದ್ದಕ್ಕೂ ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಪ್ರೋಟೀನ್ ಅನ್ನುವ ಶಬ್ದ ನಮ್ಮ ಮನೆಗೆ ಬಂದದ್ದು ಆಗಲೇ. ಅತ್ತೆ ಅದನ್ನು ಕೊನೆಯವರೆಗೂ ‘ಪೋಟೀನು’ ಅನ್ನುತ್ತಿದ್ದಳು.

ದಿನಕ್ಕೆ ಅರ್ಧ ಮಾತ್ರೆ. ಪ್ರತಿ ಭಾನುವಾರ ಅಪ್ಪ ಕ್ಷೌರದ ಬ್ಲೇಡಿನಿಂದ ವಾರಕ್ಕಾಗುವಷ್ಟು ಮಾತ್ರೆಗಳನ್ನು ಸರಿಯಾಗಿ ಎರಡು ಮಾಡಿ ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಅವ್ವ ಹಿಂದಿನ ದಿನವೇ ಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಬೆಳಿಗ್ಗೆ ಆರಕ್ಕೆಲ್ಲ ಅಡಿಗೆಮನೆಯಲ್ಲಿ ಹೊಗೆ. ಒಂದು ದಿನ ಹೆಸರಿನ ದೋಸೆ, ಒಂದು ದಿನ ಮೊಳಕೆಕಾಳಿನ ಉಸಳಿ, ಒಂದು ದಿನ ರೊಟ್ಟಿಯ ಜೊತೆ ಹುರುಳಿಕಾಳಿನ ಪಲ್ಯ, ಮೇಲೆ ಕೆನೆಮೊಸರು, ಒಂದು ಹಿಡಿ ಹುರಿದ ಶೇಂಗಾ. ಅದನ್ನು ತಂಗಿಗೆ ತಿನ್ನಿಸಲು ಒಂದು ಗಂಟೆ ಬೇಕು. ಒಂದು ತುತ್ತು ತಿಂದು ಅಂಗಳಕ್ಕೆ ಹೋಗುವಳು. ನಾನು ತಟ್ಟೆ ಹಿಡಿದು ಹಿಂದೆ. ಎರಡನೆಯ ತುತ್ತಿಗೆ ಕಟ್ಟೆ ಹತ್ತಿರುವಳು. ತಟ್ಟೆ ಖಾಲಿಯಾದ ಮೇಲೇ ಡಬ್ಬಿಯ ಮುಚ್ಚಳ ತೆಗೆಯಬೇಕು. ಅದು ಅವ್ವನ ಕಟ್ಟಪ್ಪಣೆ.

ಮಾತ್ರೆ ಕೆಲಸ ಮಾಡಿತು. ಹದಿನೈದು ದಿನದೊಳಗೆ ತಂಗಿ ಕೂತು ಒಂದು ಪುಟ ಕಾಪಿ ಬರೆದಳು. ಶಾಲೆಯಿಂದ ದೂರು ಬರುವುದು ನಿಂತಿತು. ಸಂತೋಷಪಡಬೇಕಿತ್ತು, ಆದರೆ ಆ ಮೌನ ನಮಗೆ ಒಗ್ಗಲಿಲ್ಲ. ಅವಳು ಮೂಲೆಯಲ್ಲಿ ಕೂತು ಓದುತ್ತಿದ್ದರೂ ಅವ್ವ ಅಡಿಗೆಮನೆಯಿಂದ ಬಂದು ಬಂದು ನೋಡುತ್ತಿದ್ದಳು. ಮಧ್ಯಾಹ್ನದ ಊಟವನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಬೆಳಿಗ್ಗೆ ಕಾಲು ತಟ್ಟೆ ಬಿಟ್ಟ ದಿನ ಸಂಜೆಗೆ ಹೊಟ್ಟೆನೋವು, ಕೈ ನಡುಕ, ಕಾರಣವಿಲ್ಲದ ಅಳು. ಹೊನ್ನಾಳಿಯ ಒಂದು ಅಡಿಕೆ ಮಂಡಿಯಲ್ಲಿ ಅಪ್ಪನಿಗೆ ಪರಿಚಯದವರಿದ್ದರು. ಹದಿನೈದು ದಿನಕ್ಕೊಮ್ಮೆ ಅಡಿಕೆ ಚೀಲ ತೂಗುವ ತಕ್ಕಡಿಯಲ್ಲಿ ತಂಗಿಯನ್ನು ಕೂರಿಸಿ ತೂಗಿಸಿಕೊಂಡು ಬರುತ್ತಿದ್ದ. ತೂಕ ಇಳಿದ ದಿನ ಅವನು ಮನೆಗೆ ಬಂದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆಗ ಅವ್ವ ಮತ್ತೊಂದು ಹಿಡಿ ಕಾಳು ಜಾಸ್ತಿ ಹಾಕುವಳು.

“ಗಾಳಿ ಬಿಡ್ತು, ಈಗ ಮಾತ್ರೆ ಹಿಡೀತು,” ಎಂದಳು ಅತ್ತೆ ಒಂದು ದಿನ. “ಒಳಗೊಳಗೇ ಮಗೂನ್ನ ತಿಂತೈತೆ ಅದು. ನೀವು ಎಷ್ಟು ಹಾಕಿದ್ರೂ ಅದಕ್ಕೇ ಹೋಗ್ತೈತೆ.” ಅವಳು ತಂಗಿಯ ಹೆಸರಿನಲ್ಲಿ ಶ್ರಾವಣ ಸೋಮವಾರದ ಹರಕೆ ಹೊತ್ತಿದ್ದಳು. ನಾಲ್ಕು ಸೋಮವಾರ ಮಗು ಸಂಜೆಯ ಪೂಜೆಯತನಕ ಹಸಿದಿರಬೇಕು. ಹರಕೆ ತೀರಿಸಿದರೆ ಮಾತ್ರೆ ಬಿಡಿಸಬಹುದು ಅನ್ನುವುದು ಅವಳ ಆಸೆ. ಅವ್ವ ಖಂಡಿತ ಬೇಡವೆಂದಿದ್ದಳು. ಆ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆದು ಒಂದು ವಾರ ಮುಖ ಕೊಟ್ಟು ಮಾತಾಡಿರಲಿಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಅದು. ತಂಗಿಗೆ ಒಂಬತ್ತು. ಶ್ರಾವಣದಲ್ಲಿ ಜಗಳೂರಿನ ಕಡೆಯ ಹಳ್ಳಿಯಲ್ಲಿದ್ದ ಅವ್ವನ ಅಪ್ಪನಿಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂತು. ಅವ್ವ ಶನಿವಾರ ಹೊರಟಳು. ಹೊರಡುವ ಮುಂಚೆ ನನ್ನನ್ನು ಒಳಗೆ ಕರೆದು, ಕಾಳಿನ ಗಂಟು ತೋರಿಸಿ, “ತಿಂಡಿ ನಿನ್ ಜವಾಬ್ದಾರಿ. ಅತ್ತೆ ಏನೇ ಅನ್ನಲಿ, ತಟ್ಟೆ ಖಾಲಿಯಾಗ್ದೆ ಮಾತ್ರೆ ಕೊಡಬ್ಯಾಡ,” ಎಂದಳು. ನಾನು ಹೂಂ ಅಂದೆ.

ಆ ವಾರ ಮಳೆ ಬಿಟ್ಟಿರಲಿಲ್ಲ. ತುಂಗಭದ್ರೆ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮನೆಯಲ್ಲಿ ಕೂತರೂ ಅದರ ಸದ್ದು ಕೇಳುತ್ತಿತ್ತು. ಗೋವಿನಕೋವಿಯ ಕಡೆ ಲೈನು ಕಡಿದು ಬಿದ್ದಿದೆಯೆಂದು ಅಪ್ಪ ಭಾನುವಾರ ಬೆಳಿಗ್ಗೆಯೇ ಹೋದ. ಮಾತ್ರೆಗಳನ್ನು ಕತ್ತರಿಸಲಿಲ್ಲ. ಆ ದಿನಕ್ಕೆ ಡಬ್ಬಿಯಲ್ಲಿ ಕೊನೆಯ ಅರ್ಧ ಉಳಿದಿತ್ತು. ಅವ್ವ ಇಲ್ಲದ್ದಕ್ಕೆ ತಂಗಿ ಭಾನುವಾರ ನಾಲ್ಕು ತುತ್ತೂ ತಿನ್ನಲಿಲ್ಲ. ಆದರೂ ಮಾತ್ರೆ ಕೊಟ್ಟೆ. ಅದು ನನ್ನ ಮೊದಲ ತಪ್ಪು. ಸಂಜೆ ಅವಳು ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಏನೂ ತಿನ್ನದೆ ಹಾಗೇ ನಿದ್ದೆಹೋದಳು.

ಸೋಮವಾರ ಬೆಳಿಗ್ಗೆ ನನಗೆ ಗಣಿತದ ಕಿರುಪರೀಕ್ಷೆ. ಎದ್ದಾಗ ಅತ್ತೆ ಆಗಲೇ ತಂಗಿಗೆ ತಲೆಗೆ ನೀರು ಹಾಕಿ, ವಿಭೂತಿ ಹಚ್ಚಿ ಕೂರಿಸಿದ್ದಳು. ಒಲೆ ಹಚ್ಚಿರಲಿಲ್ಲ. ಕಾಳಿನ ಗಂಟು ಬಿಚ್ಚಲು ಹೋದೆ. ಅತ್ತೆ ಕೈ ಅಡ್ಡ ಹಿಡಿದಳು.

“ಇವತ್ತೊಂದು ದಿನ ಮಗಳೆ. ಒಂದು ಹೊತ್ತು ಹಸಿದ್ರೆ ಏನಾಗ್ತೈತೆ? ನಿಮ್ಮವ್ವ ಬರೋದ್ರೊಳಗೆ ಒಂದು ಸೋಮವಾರನಾದ್ರೂ ಆಗ್ಲಿ.”

ನಾನು ಜಗಳ ಮಾಡಬಹುದಿತ್ತು. ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಗುರವಾಯಿತು. ಒಂದು ಗಂಟೆ ಅವಳ ಹಿಂದೆ ತಟ್ಟೆ ಹಿಡಿದು ಓಡುವುದು ತಪ್ಪಿತು, ಅಷ್ಟು ಹೊತ್ತು ಲೆಕ್ಕ ನೋಡಿಕೊಳ್ಳಬಹುದು ಅನ್ನಿಸಿತು. ಆದರೆ ಮಾತ್ರೆ ಇಲ್ಲದೆ ಅವಳು ಶಾಲೆಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹತ್ತೂವರೆಗೆ ಅವಳ ಶಾಲೆಯಿಂದ ಯಾರಾದರೂ ಬಂದು ಪರೀಕ್ಷೆಯ ನಡುವೆ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಾರೆ. ಮಾತ್ರೆ ಶುರುವಾಗುವ ಮುಂಚೆ ಎರಡು ಸಲ ಹಾಗಾಗಿತ್ತು.

ಡಬ್ಬಿಯಲ್ಲಿ ಅರ್ಧ ಮಾತ್ರೆ ಇರಲಿಲ್ಲ. ಕತ್ತರಿಸದ ಇಡೀ ಮಾತ್ರೆಗಳ ಕಾಗದದ ಪೊಟ್ಟಣ ಮೇಲಿನ ಗೂಡಿನಲ್ಲಿತ್ತು. ಅಪ್ಪನ ಬ್ಲೇಡು ಕಾಣಲಿಲ್ಲ. ಹುಡುಕುವ ತಾಳ್ಮೆಯೂ ನನಗಿರಲಿಲ್ಲ. ಅತ್ತೆ ಹೂ ತರಲು ಹಿತ್ತಲಿಗೆ ಹೋದಾಗ ಒಂದು ಇಡೀ ಮಾತ್ರೆಯನ್ನು ತಂಗಿಯ ಬಾಯಿಗೆ ಹಾಕಿ ನೀರು ಕುಡಿಸಿದೆ. ಮೊದಲು ತಿಂಡಿ ಎಂದು ಬರೆದಿದ್ದ ಚೀಟಿಯನ್ನು ನಾನೇ ಓದಿ ಅತ್ತೆಗೆ ಅರ್ಥ ಹೇಳಿದ್ದೆ. ತಂಗಿ ನನ್ನ ಮುಖ ನೋಡಿ, “ತಿಂಡಿ?” ಎಂದಳು. ಇವತ್ತು ಪೂಜೆ, ಸಂಜೆ ತಿನ್ನುವಿಯಂತೆ ಎಂದೆ. ಯಾವತ್ತೂ ತಿಂಡಿ ಬೇಡವೆಂದು ಓಡುತ್ತಿದ್ದವಳು ಆ ದಿನ ಕೇಳಿದ್ದಳು. ಅದು ನನಗೆ ಎಚ್ಚರಿಕೆ ಆಗಬೇಕಿತ್ತು.

ಮೂರನೆಯ ಲೆಕ್ಕ ಮಾಡುತ್ತಿದ್ದೆ. ನಮ್ಮ ಶಾಲೆಯ ಜವಾನ ಬಾಗಿಲಲ್ಲಿ ನಿಂತು ಮೇಷ್ಟರ ಕಿವಿಯಲ್ಲಿ ಏನೋ ಹೇಳಿದ. ಮೇಷ್ಟರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಯಾವತ್ತಿನ ಬೇಸರ ಇರಲಿಲ್ಲ. ಪೆನ್ನು ಕೆಳಗಿಟ್ಟು ಎದ್ದೆ.

ಆದದ್ದು ಇಷ್ಟು. ಮೊದಲ ಪಿರಿಯಡ್ಡಿನಲ್ಲೇ ತಂಗಿಗೆ ಎದೆ ಹೊಡೆದುಕೊಳ್ಳಲು ಶುರುವಾಗಿತ್ತು. ಹೊಟ್ಟೆನೋವೆಂದು ಹೇಳಿದ್ದಾಳೆ, ಮನೆಗೆ ಹೋಗು ಎಂದಿದ್ದಾರೆ. ಮಾತ್ರೆ ಶುರುವಾದ ಮೇಲೆ ಅವಳು ಒಳ್ಳೆಯ ಹುಡುಗಿಯಾಗಿದ್ದಳು, ಒಬ್ಬಳೇ ಕಳಿಸಲು ಯಾರೂ ಹಿಂದೆಮುಂದೆ ನೋಡಿರಲಿಕ್ಕಿಲ್ಲ. ಮನೆಯ ದಾರಿ ಹಿಡಿದವಳಿಗೆ ಕಣ್ಣು ಕತ್ತಲಿಟ್ಟಿದೆ. ಬಾಯಿ ಒಣಗಿ ನೀರಿಗಾಗಿ ಹೊಳೆಯ ಕಡೆ ತಿರುಗಿದ್ದಾಳೆ. ಮೆಟ್ಟಿಲಿಳಿದು, ಕೂತು, ಅಲ್ಲೇ ಒರಗಿದ್ದಾಳೆ. ಬಟ್ಟೆ ಒಗೆಯಲು ಬಂದಿದ್ದ ಒಬ್ಬ ಹೆಂಗಸು, ಹೊಳೆ ಏರುತ್ತಿದೆಯೆಂದು ಗಂಟು ಕಟ್ಟಿಕೊಂಡು ಹೊರಟವಳು, ಕೆಳಗಿನ ಮೆಟ್ಟಿಲಿನಲ್ಲಿ ಏನೋ ಬಟ್ಟೆ ಬಿಟ್ಟುಬಂದಿದೆ ಅಂದುಕೊಂಡು ಹಿಂದಿರುಗಿ ನೋಡಿದಳಂತೆ. ಅದು ತಂಗಿಯ ನೀಲಿ ಲಂಗ. ನೀರು ಆಗಲೇ ಅವಳ ಮೊಣಕಾಲಿಗೆ ಬಂದಿತ್ತು. ಆ ಹೆಂಗಸು ಜಡೆ ಹಿಡಿದು ಮೇಲಕ್ಕೆ ಎಳೆದುಕೊಂಡಳು. ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡು ನೇರವಾಗಿ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಾವು ಮನೆಯಲ್ಲಿ ಯಾವತ್ತೂ ಬಾಯಿಬಿಟ್ಟು ಆಡಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ತಂಗಿ ಬಹಳ ಚಿಕ್ಕವಳಾಗಿ ಕಂಡಳು. ತುಟಿ ಬಿಳಚಿತ್ತು. ಕತ್ತಿನ ನರ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ದೂರದಿಂದಲೇ ಕಾಣುತ್ತಿತ್ತು. ಅಲ್ಲಿನ ಡಾಕ್ಟರು ಕೈಗೆ ಸೂಜಿ ಚುಚ್ಚಿ ಗ್ಲೂಕೋಸು ಹಾಕಿದ್ದರು. ಅತ್ತೆ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಅಪ್ಪ ಲೈನಿನಿಂದ ನೇರವಾಗಿ ಬಂದ. ಮೈಯೆಲ್ಲ ಕೆಸರು, ಸೊಂಟದಲ್ಲಿ ಕಂಬ ಹತ್ತುವ ಬೆಲ್ಟು ಹಾಗೇ ಇತ್ತು. ಮಗುವಿನ ಹಣೆ ಮುಟ್ಟಿ ನೋಡಿ, ನಮ್ಮಿಬ್ಬರ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ.

“ಬೆಳಿಗ್ಗೆ ಏನ್ ತಿಂದಿದ್ಲು?”

ನಾನು ಬಾಯಿ ತೆರೆದೆ. ಅತ್ತೆ ತಲೆ ಎತ್ತದೆ ಹೇಳಿದಳು. “ಏನೂ ಇಲ್ಲ. ನಾನೇ ಒಲೆ ಹಚ್ಚಲಿಲ್ಲ. ಈ ಹುಡುಗಿ ಕಾಳು ಬಿಚ್ಚಾಕೆ ಬಂದ್ಲು, ನಾನೇ ಬ್ಯಾಡ ಅಂದೆ. ಮಾತ್ರೇನೂ ನಾನೇ ಕೊಟ್ಟೆ.”

ಕೊನೆಯ ಮಾತು ಸುಳ್ಳು. ಅದು ಸುಳ್ಳೆಂದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು. ಹೇಳಲಿಲ್ಲ. ಅಪ್ಪ ಅತ್ತೆಯನ್ನು ಬಹಳ ಹೊತ್ತು ನೋಡಿದ. ಗೋಡೆಯ ಕಡೆ ತಿರುಗಿ ನಿಂತುಕೊಂಡ. ಆ ದಿನದಿಂದ ಎಂಟು ತಿಂಗಳು ಅವನು ತನ್ನ ಅಕ್ಕನೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ಅವ್ವ ಬುಧವಾರ ಬಂದಳು. ನಡೆದದ್ದನ್ನು ಕೇಳಿ ಅತ್ತೆಯ ಎದುರು ನಿಂತು, ನಿಮಗೆ ನನ್ನ ಮಗಳ ಮೇಲೆ ಯಾಕಿಷ್ಟು ಹಗೆ ಎಂದು ಕೇಳಿದಳು. ಅತ್ತೆ ಎದ್ದು ಹಿತ್ತಲಿಗೆ ಹೋದಳು. ನಾನು ಬಾಗಿಲಿನ ಹಿಂದೆ ನಿಂತು ಎಲ್ಲ ಕೇಳುತ್ತಿದ್ದೆ.

ತಂಗಿ ನಾಲ್ಕು ದಿನಕ್ಕೆ ಮನೆಗೆ ಬಂದಳು. ಬೆಂಗಳೂರಿನ ಡಾಕ್ಟರಮ್ಮನಿಗೆ ಅಪ್ಪ ಪತ್ರ ಬರೆದ. ಕೆಲವು ವಾರ ಮಾತ್ರೆ ನಿಲ್ಲಿಸಿ, ತೂಕ ಬಂದ ಮೇಲೆ ಇನ್ನೂ ಸಣ್ಣ ಪಾಲಿನಿಂದ ಮತ್ತೆ ಶುರು ಮಾಡಿ ಎಂದು ಅವರು ಉತ್ತರಿಸಿದರು. ಮಾತ್ರೆ ಇಲ್ಲದ ಆ ವಾರಗಳಲ್ಲಿ ಗೆಜ್ಜೆಯ ಸದ್ದು ಮತ್ತೆ ಮನೆಯ ತುಂಬ ಓಡಾಡಿತು. ಬೀದಿಯ ಬಾಗಿಲಿಗೆ ಹಗಲೆಲ್ಲ ಚಿಲಕ.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಎದ್ದಾಗ ಒಲೆ ಉರಿಯುತ್ತಿತ್ತು. ಅತ್ತೆ ರುಬ್ಬುವ ಕಲ್ಲಿನ ಮುಂದೆ ಕೂತು ಹೆಸರು ರುಬ್ಬುತ್ತಿದ್ದಳು. ಅವ್ವ ಬೇಡವೆಂದಳು, ಅವಳು ಏಳಲಿಲ್ಲ. ಅಲ್ಲಿಂದ ಮುಂದೆ ತಂಗಿಯ ತಿಂಡಿ ಅವಳದೇ. ಶ್ರಾವಣವಾಗಲಿ, ಶಿವರಾತ್ರಿಯಾಗಲಿ, ತಾನು ಹಸಿದಿದ್ದು ಮಗುವಿಗೆ ತಿನ್ನಿಸುತ್ತಿದ್ದಳು. ತಟ್ಟೆ ಖಾಲಿಯಾದದ್ದನ್ನು ಅವ್ವನಿಗೆ ತೋರಿಸಿಯೇ ಮಾತ್ರೆ. ಅವ್ವ ನೋಡಿ ತಲೆಯಾಡಿಸುವಳು. ದೋಸೆ ತಿನ್ನಲೊಲ್ಲದ ದಿನ ಅತ್ತೆ ಶೇಂಗಾ, ಪುಟಾಣಿ ಕಡಲೆ, ಎಳ್ಳು ಕುಟ್ಟಿ, ಬೆಲ್ಲ ಕಡಿಮೆ ಹಾಕಿ ಉಂಡೆ ಕಟ್ಟುವಳು. ಓಡಾಡುತ್ತಲೇ ತಿನ್ನಬಹುದು ಎಂದು. ಆ ಉಪಾಯ ನಮ್ಮ ಯಾರಿಗೂ ಹೊಳೆದಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನ್ಯಾಮತಿಗೆ ಬಂದೆವು. ಆಗ ಅದು ಹೊನ್ನಾಳಿ ತಾಲೂಕಿನದೇ ಒಂದು ಊರು. ತಂಗಿ ಮೈತುಂಬಿಕೊಂಡಿದ್ದಳು. ಅಪ್ಪ ಅತ್ತೆಯೊಂದಿಗೆ ಮಾತಾಡುತ್ತಿದ್ದ, ಆದರೆ ಬೇಕಾದಷ್ಟೇ. ನನಗೆ ಮದುವೆ ಗೊತ್ತಾಯಿತು. ಮನೆ ಬಿಡುವ ಮುಂಚೆ ಹೇಳಿಬಿಡಬೇಕು ಅನ್ನಿಸಿತು. ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಕಾಳು ಆರಿಸುತ್ತಿದ್ದಳು. ಎದುರು ಕೂತು, ಆ ದಿನ ಮಾತ್ರೆ ಕೊಟ್ಟವಳು ನಾನು, ಅರ್ಧವಲ್ಲ, ಇಡೀ ಮಾತ್ರೆ ಕೊಟ್ಟೆ ಎಂದು ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. “ಗೊತ್ತೈತೆ,” ಎಂದಳು. “ಹೂ ತಗೊಂಡು ಒಳಗೆ ಬಂದಾಗ ಪೊಟ್ಟಣ ಗೂಡಿನಾಗೆ ತೆರೆದಿತ್ತು. ಸಂಜೆ ಆಸ್ಪತ್ರೆಯಿಂದ ಬಂದು ಎಣಿಸಿದೆ. ಒಂದು ಕಮ್ಮಿ ಇತ್ತು.”

ಹಾಗಾದರೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿ ಏನ್ ಮಾಡಾಕೆ? ಬರೆ ಎಳೆದ ಕೈ ಇದು. ಇನ್ನೊಂದು ಹೊತ್ಕೊಂಡ್ರೆ ಅಂಥ ಭಾರ ಆಗಾದಿಲ್ಲ. ನಿಂಗೆ ಆಗ ಹದಿನೈದು ವರ್ಷ. ನೀನು ಹೊತ್ಕೊಂಡಿದ್ರೆ ಕುಗ್ಗಿ ಹೋಗ್ತಿದ್ದಿ.” ಮೊರ ಕೊಡವಿ, “ನಿಮ್ಮಪ್ಪಗೆ ಈಗ ಹೇಳಾಕೆ ಹೋಗಬ್ಯಾಡ. ಅವನು ಮೊದಲಿನಿಂದ ಮತ್ತೆ ಆ ದಿನ ನೋಡಬೇಕಾಗ್ತೈತೆ,” ಎಂದಳು.

ನಾನು ಅಳಬೇಕಿತ್ತು. ಅಳು ಬರಲಿಲ್ಲ. ನಾನು ಕುಗ್ಗದೆ ಇದ್ದೆನೆಂದು ಅವಳು ಅಂದುಕೊಂಡಿದ್ದಳು, ಅದೇ ಹೆಚ್ಚು ನೋಯಿಸಿತು. ಅವಳು ಹೇಳಿದಂತೆ ಅಪ್ಪನಿಗೆ ಹೇಳಲಿಲ್ಲ. ಮುಂದಿನ ಮೂರು ವರ್ಷದಲ್ಲಿ ಅತ್ತೆ ತೀರಿಕೊಂಡಳು. ಅಪ್ಪ ಅವಳ ಬಗ್ಗೆ ಒಳ್ಳೆಯ ಮಾತು ಆಡುತ್ತಿದ್ದ, ಆದರೆ ಪ್ರತಿ ಸಲವೂ ಕೊನೆಗೆ, ಆ ಒಂದು ದಿನ ಹಾಗೆ ಮಾಡಬಾರದಿತ್ತು ಎಂದು ಸೇರಿಸುತ್ತಿದ್ದ.

ತಂಗಿ ಎಸ್ಸೆಸ್ಸೆಲ್ಸಿಯನ್ನು ಎರಡನೆಯ ದರ್ಜೆಯಲ್ಲಿ ಪಾಸು ಮಾಡಿದಳು. ಆ ಹೊತ್ತಿಗೆ ಡಾಕ್ಟರಮ್ಮ ಮಾತ್ರೆಯನ್ನು ನಿಲ್ಲಿಸಿದ್ದರು. ಬೆಳಗಿನ ಕಾಳು ಮಾತ್ರ ನಿಲ್ಲಲಿಲ್ಲ. ತಿನ್ನದಿದ್ದ ದಿನ ತಲೆ ನೂರು ಕಡೆ ಓಡುತ್ತದೆ ಎಂದು ಅವಳೇ ನೆನೆಹಾಕಿಕೊಳ್ಳುತ್ತಿದ್ದಳು. ನಾನು ತವರಿಗೆ ಬಂದಿದ್ದ ಒಂದು ಬೆಳಿಗ್ಗೆ ಇಬ್ಬರೇ ಅಡಿಗೆಮನೆಯಲ್ಲಿ ಕೂತು ಉಸಳಿ ತಿನ್ನುತ್ತಿದ್ದೆವು. ಏನೂ ಪೀಠಿಕೆ ಇಲ್ಲದೆ ಅವಳು ಆ ಹೊಳೆಯ ಮಾತೆತ್ತಿದಳು. ಆ ದಿನದ ನೆನಪು ಅವಳಿಗೆ ಇಲ್ಲವೆಂದೇ ನಾವೆಲ್ಲ ನಂಬಿದ್ದೆವು.

“ಎಚ್ಚರ ಇತ್ತಕ್ಕ ನಂಗೆ,” ಎಂದಳು. “ಕಣ್ಣು ತೆರೆದೇ ಇದ್ದೆ. ನೀರು ಮೊದಲು ಬೆರಳಿಗೆ ಬಂತು. ಆಮೇಲೆ ಪಾದ ಮುಚ್ಚಿತು. ಕಾಲು ತಗೀಬೇಕು ಅಂತ ಗೊತ್ತಿತ್ತು. ತಗಿಯಾಕೆ ಆಗ್ಲಿಲ್ಲ. ಸುಮ್ಮನೆ ನೋಡ್ತಿದ್ದೆ, ಎಷ್ಟು ಮೆಟ್ಟಿಲು ಹತ್ತುತ್ತೆ ಅಂತ.”

ಹುಟ್ಟಿದಾಗಿನಿಂದ ಒಂದು ಕ್ಷಣ ಕಾಲು ನಿಲ್ಲದವಳು ಅವಳು. ಅವಳನ್ನು ಅಲ್ಲಾಡದಂತೆ ಮಾಡಿದ್ದು ನಾನು. ಆ ಬೆಳಿಗ್ಗೆ ಮಾತ್ರೆ ಕೊಟ್ಟದ್ದು ಯಾರೆಂಬುದನ್ನು ಅವಳು ಎತ್ತಲಿಲ್ಲ, ನೆನಪಿರಲಿಲ್ಲವೇನೋ. ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅವಳು, ಅತ್ತೆ ಪಾಪ, ಆಮೇಲೆ ಎಷ್ಟು ಮಾಡಿದಳು ಎಂದು ತಾನೇ ಅತ್ತೆಯನ್ನು ಕ್ಷಮಿಸಿಬಿಟ್ಟಳು. ಮಾತ್ರೆಯ ತಪ್ಪಿಗೆ ಅತ್ತೆಗೆ ಬೇಕಿರದ ಕ್ಷಮೆ ಅದು, ಬೇಕಿದ್ದದ್ದು ನನಗೆ. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಕಾಳು ಹಾಕಿದೆ. ಅವಳು ಬೇಡ ಅನ್ನಲಿಲ್ಲ.

ಅವಳಿಗೆ ಇದುವರೆಗೂ ನಾನು ಹೇಳಿಲ್ಲ. ಇದನ್ನು ಬರೆಯಲು ಕೂತದ್ದು ಅದಕ್ಕೇ. ಬರೆದಾದ ಮೇಲೆ ಮೊದಲು ಅವಳಿಗೇ ಕೊಡುತ್ತೇನೆ.